ಯಂತ್ರದ ಮೇಲೆ ಅಂಟಿಸಿದ ದನಿ

ವೈಕುಂಠ ಸಮಾರಾಧನೆ ಮುಗಿದ ಮೂರನೆಯ ದಿನ, ನನ್ನ ಗಂಡನ ಲಾಕರಿನ ಸಾಮಾನು ತರಲು ಬೊಮ್ಮಸಂದ್ರದ ಕಾರ್ಖಾನೆಗೆ ಹೋದೆ. ಊಟದ ಡಬ್ಬಿ, ಕನ್ನಡಕ, ಒಂದು ಜೊತೆ ಯೂನಿಫಾರ್ಮು. ಕೈಚೀಲಕ್ಕೆ ತುಂಬುತ್ತಿದ್ದಾಗ ಲೋಹ ಕಡೆಯುವ ಲೇತ್ ಯಂತ್ರಗಳ ಕಡೆಯಿಂದ ಅವರ ದನಿ ಕೇಳಿಸಿತು. ನಗುತ್ತಿದ್ದರು.

ಹೋಗಿ ನೋಡಿದೆ. ಯಂತ್ರದ ಬಾಗಿಲ ಪಕ್ಕ ಕ್ಯೂಆರ್ ಕೋಡ್ ಚೀಟಿ ಅಂಟಿಸಿದ್ದರು. ಅದಕ್ಕೆ ಮೊಬೈಲ್ ಹಿಡಿದರೆ ನನ್ನ ಗಂಡ ರೆಕಾರ್ಡ್ ಮಾಡಿಟ್ಟ ಹನ್ನೊಂದು ಪಾಠಗಳು ತೆರೆದುಕೊಳ್ಳುತ್ತಿದ್ದವು: ಟೂಲ್ ಬದಲಿಸುವುದು, ಅಳತೆ ಹೊಂದಿಸುವುದು ಇತ್ಯಾದಿ.

“ಅಣ್ಣಾರು ಇನ್ನೂ ಶಿಫ್ಟಿಗೆ ಬರ್ತಾರ್ರೀ ವೈನಿ,” ಎಂದರು ಅವರ ಜೊತೆಗಾರ, ವಿಜಯಪುರದ ಕಡೆಯ ಆಪರೇಟರ್.

ನನಗೆ ಹೊಟ್ಟೆ ಉರಿಯಿತು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ, ಸಿಡುಕು ಬಿಟ್ಟರೆ, ಅವರು ಮನೆಯಲ್ಲಿ ಆಡಿದ್ದು “ಹ್ಞೂಂ”, “ಆಮೇಲೆ”, “ಸಾಕು”. ನನ್ನ ಮೊಬೈಲಿನಲ್ಲಿ ಉಳಿದಿದ್ದ ಅವರ ದನಿ ಒಂದೇ: “ಹಾಲು ತರ್ಲಾ?”

ಚಂದಾಪುರದ ಮನೆಗೆ ಬಂದು ಅವರ ಫೋನ್ ತೆಗೆದೆ. ಆ ಪಾಠಗಳಿದ್ದ ಫೋಲ್ಡರಿನ ಮೇಲೆ ‘ಲಿಂಕ್ ಇರುವ ಯಾರಾದರೂ ತೆರೆಯಬಹುದು’ ಎಂದಿತ್ತು. ಯಾರಾದರೂ! ಅದನ್ನು ‘ಅನುಮತಿ ಇದ್ದವರಿಗೆ ಮಾತ್ರ’ ಎಂದು ಬದಲಿಸಿದೆ. ಅನುಮತಿ ಇದ್ದವರ ಪಟ್ಟಿಯಲ್ಲಿ ಉಳಿದದ್ದು ಅವರೊಬ್ಬರ ಹೆಸರು. ಆ ಫೋನು ನನ್ನ ಕೈಯಲ್ಲಿತ್ತು.

ಬೆಳಗಾಗುವಷ್ಟರಲ್ಲಿ ಅನುಮತಿ ಕೇಳಿ ಒಂಬತ್ತು ಕೋರಿಕೆಗಳು ಬಂದಿದ್ದವು. ಯಾವುದಕ್ಕೂ ಒಪ್ಪಿಗೆ ಒತ್ತಲಿಲ್ಲ. ಆಮೇಲೆ ಆ ಜೊತೆಗಾರರ ಕರೆ ಬಂತು.

“ವೈನಿ, ಅಣ್ಣಾರ ಲಿಂಕ್ ಓಪನ್ ಆಗವಲ್ದರಿ. ಹೊಸಾ ಮಂದಿ ಬಂದಾರ.”

“ಹೇಳ್ಕೊಡೋರು ಬೇರೆ ಯಾರೂ ಇಲ್ವಾ?”

“ಅದಾರ್ರೀ. ಅವರು ಬೈತಾರ. ಅಣ್ಣಾರು ಬೈತಿರಲಿಲ್ರೀ.”

ನನಗೆ ಬೈಯುತ್ತಿದ್ದರು ಎಂದು ನಾಲಿಗೆಯ ತುದಿಗೆ ಬಂತು. ಅದಾದರೂ ನನ್ನ ಪಾಲಿಗೇ ಇರಲಿ ಎಂದು ಸುಮ್ಮನಾದೆ.

“ಎಲ್ಲಾ ಆಗ್ಲಿಲ್ಲಂದ್ರ ಏಳನೇ ಪಾಠ ಆದ್ರೂ ಕೊಡ್ರಿ ವೈನಿ. ಅದ್ರಾಗ ನೀವದೀರಿ.”

ಕರೆ ಮುಗಿದ ಮೇಲೆ ಏಳನೆಯದನ್ನು ಹಾಕಿದೆ.

“ನಮ್ಮನೆಯವಳು ಗ್ರೈಂಡರ್ ಮುಂದೆ ನಿಲ್ಲೋದೇ ಇಲ್ಲ ಕಣ್ರೋ. ಒಳಗೆ ಬಟ್ಟೆ ಮಡಿಸ್ತಿರ್ತಾಳೆ. ಸದ್ದು ಬದಲಾದ ತಕ್ಷಣ ಎದ್ದು ಬಂದು ಆಫ್ ಮಾಡ್ತಾಳೆ. ಹಿಟ್ಟು ಒಂದ್ಸಲಾನೂ ಕೆಟ್ಟಿಲ್ಲ. ಟೂಲ್ ಸವೆದಾಗ್ಲೂ ಯಂತ್ರದ ಸದ್ದು ಬದಲಾಗುತ್ತೆ. ಅವಳ ಥರ ಕೇಳ್ರೋ.”

ಈ ಮಾತನ್ನು ನನಗೆ ಒಂದು ದಿನವೂ ಹೇಳಿದವರಲ್ಲ. ಇಡ್ಲಿ ತಿಂದು ಎದ್ದು ಹೋಗುತ್ತಿದ್ದರು. ಹೊಗಳಿಕೆ ನನ್ನದು, ಕೇಳಿದವರು ಮೂರು ಶಿಫ್ಟಿನ ಜನ. ಮತ್ತೆ ಹಾಕಿದೆ. ಮತ್ತೆ.

ಸಂಜೆ ಏಳನೆಯದನ್ನು ಫೋಲ್ಡರಿನಿಂದ ಹೊರಗೆ ತೆಗೆದೆ. ಉಳಿದ ಹತ್ತಕ್ಕೆ ಲಿಂಕ್ ಮೊದಲಿನಂತೆ ತೆರೆದುಬಿಟ್ಟೆ. ಕೇಳಬಹುದು, ಯಾರೂ ಅಳಿಸುವಂತಿಲ್ಲ.

ಮರುದಿನ ಮತ್ತೆ ಕರೆ. “ಹತ್ತು ಬಂದಾವ್ರಿ ವೈನಿ. ಏಳನೇದು ಕಾಣವಲ್ದು.”

“ಅದು ಬರಲ್ಲ ಕಣಪ್ಪಾ.”

“ಹೊಸಬರಿಗೆ ಮೊದಲು ಅದನ್ನೇ ಕೇಳಸ್ತಿದ್ವಿ. ಈಗ ಹೆಂಗ ಹೇಳೂದ್ರೀ?”

ಅಡುಗೆಮನೆಯಲ್ಲಿ ಗ್ರೈಂಡರ್ ಓಡುತ್ತಿತ್ತು.

“ಸ್ಪೀಕರ್ ಹಾಕಿ, ಅವರನ್ನ ಹತ್ರ ಕರೀರಿ,” ಎಂದೆ. “ನಾನೇ ಹೇಳ್ತೀನಿ.”

ಫೋನನ್ನು ಗ್ರೈಂಡರಿನ ಪಕ್ಕ ಹಿಡಿದು, ಸದ್ದು ಬದಲಾಗುವುದನ್ನೇ ಕಾಯುತ್ತ ನಿಂತೆ.