ಸಂಘದ ಜಮಖಾನ

ಅಂಕೋಲೆಯಲ್ಲಿ ಇವತ್ತು ನಮ್ಮ ಮಹಿಳಾ ಸಂಘದ ಕಣ್ಣು ತಪಾಸಣೆ ಶಿಬಿರ ಮುಗಿಯಿತು. ಜಮಖಾನ ಸುತ್ತಲು ಬಗ್ಗಿದರೆ ಅದೇ ವಾಸನೆ: ಧೂಳು, ಬಾಡಿದ ಹೂವು, ಒಂದಿಷ್ಟು ಮುಗ್ಗಲು.

ನಾನು ಬೆಳೆದ ಅವರ್ಸಾದಲ್ಲಿ ಆಗ ನಮ್ಮಪ್ಪ ಯುವಕ ಸಂಘದ ಕಾರ್ಯದರ್ಶಿ. ಹಾಗಾಗಿ ಸಂಘದ ಜಮಖಾನ ನಮ್ಮನೆ ಜಗಲಿಯಲ್ಲೇ ಇರುತ್ತಿತ್ತು. ರಕ್ತದಾನವಿರಲಿ, ನಾಟಕವಿರಲಿ, ಮರುದಿನ ಅದನ್ನು ಅಂಗಳದ ಹಗ್ಗದ ಮೇಲೆ ಹಾಕಿ ಬಡಿಯುವವಳು ನನ್ನ ತಾಯಿ. ಕಾರ್ಯಕ್ರಮಕ್ಕೆ ಮಾತ್ರ ಆಯಿ ಹೋದವಳಲ್ಲ. ಬಂದವರಿಗೆಲ್ಲ ಚಾ, ಅವಲಕ್ಕಿ ಮಾಡುವುದರಲ್ಲೇ ಅವಳ ಹೊತ್ತು ಮುಗಿಯುತ್ತಿತ್ತು. ಜಮಖಾನದಿಂದ ಶೇಂಗಾ ಸಿಪ್ಪೆ ಉದುರಿದರೆ, "ಭಾಷಣ ಉದ್ದ ಆಯ್ತು ಕಾಣ್ತದೆ," ಎನ್ನುತ್ತಿದ್ದಳು. ಮರಳು ಉದುರಿದರೆ, "ಸಮುದ್ರದ ಬದಿಯವ್ರೂ ಬಂದಿದ್ರು." ಅಪ್ಪ ಹೊಸ ಮೊಬೈಲಿನಲ್ಲಿ ಮುಂದಿನ ಶಿಬಿರದ ಮಾತಾಡುತ್ತಲೇ ಹೂಂಗುಟ್ಟುತ್ತಿದ್ದ.

ಒಂದು ವಾರ್ಷಿಕೋತ್ಸವಕ್ಕೆ ನಾನು ಹಟ ಮಾಡಿ ಅವಳನ್ನು ಕರೆದೊಯ್ದೆ. ನನ್ನ ನಾಟಕವಿತ್ತು. ಎಲ್ಲರಿಗಿಂತ ಮುಂದೆ ಕೂತವಳು, ಪರದೆ ಏಳುವ ಮೊದಲೇ ಜಮಖಾನದ ಮೇಲೆ ಒರಗಿ ನಿದ್ದೆಹೋದಳು. ನಾಟಕ ಮುಗಿದು ಜನ ಎದ್ದು ಹೋದರು. ಅಪ್ಪ ಆಚೆ ತುದಿಯಿಂದ ಜಮಖಾನ ಸುತ್ತುತ್ತ ಬಂದು ಅವಳ ಕಾಲ ಬಳಿ ನಿಂತ. ನಾನು ಎಬ್ಬಿಸಲು ಹೋದೆ.

"ಮಲಗ್ಲಿ ಬಿಡು," ಅಂದ. "ನಾಟಕ ಹ್ಯಾಂಗಾಯ್ತು ಅಂತ ನಾಳೆ ಬಡಿಯುವಾಗ ಅವ್ಳಿಗೇ ಗೊತ್ತಾಗ್ತದೆ."

ಇವತ್ತು ಸುತ್ತಲು ಬಗ್ಗಿದವಳು ಹಾಗೇ ಜಮಖಾನದ ಮೇಲೆ ಕೂತುಬಿಟ್ಟಿದ್ದೇನೆ. ಆಚೆ ತುದಿಯಿಂದ ಸುತ್ತಿಕೊಂಡು ಬಂದ ಸಂಘದ ಹೆಂಗಸರು ನನ್ನ ಕಾಲ ಬಳಿ ನಿಂತಿದ್ದಾರೆ. ಏಳಬೇಕು.