ಪೆರುವಿನ ಅತಿಥಿಗೆ ಎಳ್ಳಮಾವಾಸ್ಯೆಯ ಭಜ್ಜಿ

ತರಕಾರಿ ಮಾರುವುದನ್ನು ಬಿಟ್ಟು ಎರಡು ವರ್ಷವಾಯಿತು. ಉಮರ್ಗಾ, ನಿಲಂಗಾ, ಉದಗೀರ ಈ ಮೂರು ಊರಿನ ಸಂತೆಗಳಲ್ಲೇ ನನ್ನ ಪ್ರಾಯ ಕಳೆಯಿತು. ಮೊಣಕಾಲು ಕೈಕೊಟ್ಟ ಮೇಲೆ ಬುಟ್ಟಿ ಇಳಿಸಿ ಕಾಸಾರಶಿರಸಿಯ ಮನೆಯಲ್ಲಿದ್ದೇನೆ. ಆದರೂ ನನ್ನ ಕಸುಬಿನಲ್ಲಿ ಮರೆಯಲಾಗದ ದಿನ ಯಾವುದೆಂದು ಕೇಳಿದರೆ, ಕೆಲಸ ಬಿಟ್ಟ ಮೇಲೆ ಬಂದ ಹೋದ ಸಲದ ಎಳ್ಳಮಾವಾಸ್ಯೆಯನ್ನೇ ಹೇಳುತ್ತೇನೆ. ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ.

ನಮ್ಮ ಗಡಿಯ ಸಂತೆಯಲ್ಲಿ ಒಂದು ಕಾಯಿಗೆ ಒಂದೇ ಹೆಸರು ಎಂಬುದಿಲ್ಲ. ನನ್ನ ಬಾಯಲ್ಲಿ ಹೀರೇಕಾಯಿ, ಮರಾಠಿಯವರಿಗೆ ದೋಡಕಾ, ಉದಗೀರದ ದಖನಿ ಮಾತಿನ ಹೆಣ್ಣುಮಕ್ಕಳಿಗೆ ತುರಾಯಿ. ಚವಳಿ ಎಂದರಂತೂ ಫಜೀತಿ. ಕನ್ನಡದವರು ಗೋರಿಕಾಯಿಯತ್ತ ಕೈ ತೋರಿಸಿದರೆ ಮರಾಠಿಯವರು ಅಲಸಂದಿಯತ್ತ ತೋರಿಸುತ್ತಾರೆ. ಅದಕ್ಕೇ ನಾನು ಹೆಸರನ್ನು ನೆಚ್ಚಿದವಳಲ್ಲ. ಕಾಯಿ ಎತ್ತಿ ಹಿಡಿಯಬೇಕು, ಗಿರಾಕಿ ಹೂಂ ಎನ್ನಬೇಕು, ಆಮೇಲೆ ತಕ್ಕಡಿ.

ನನ್ನ ಮೊಮ್ಮಗಳು ಗೌರಿ ಪುಣೆಯಲ್ಲಿ ಸ್ಪ್ಯಾನಿಷ್ ಕಲಿತಿದ್ದಾಳೆ. ನಾನು ಮೂರನೇ ಇಯತ್ತೆಗೆ ಪಾಟಿ ಕೆಳಗಿಟ್ಟವಳು. ನನ್ನ ಮನೆಯ ಹುಡುಗಿ ಸಮುದ್ರದಾಚೆಯ ಮಾತು ಆಡುತ್ತಾಳೆಂದರೆ ಯಾರಿಗೆ ಹೇಳಲಿ, ಯಾರಿಗೆ ಬಿಡಲಿ! ನಮ್ಮ ಕಡೆಯ ತೊಗರಿ, ಕಡಲೆ ಬೆಳೆ ನೋಡಲು ಹೊರದೇಶದ ಇಬ್ಬರು ರೈತ ಹೆಂಗಸರು ಬಂದಿದ್ದರು. ಅವರ ದುಭಾಷಿಯಾಗಿ ಗೌರಿಗೆ ಅದು ಮೊದಲ ಕೆಲಸ. ಒಬ್ಬಾಕೆ ಮೆಕ್ಸಿಕೋದ ಲೂಪೆ, ಇನ್ನೊಬ್ಬಾಕೆ ಪೆರು ದೇಶದ ರೋಸಾ.

"ಪೇರು ನಾ ಬುಟ್ಟಿಗಟ್ಲೆ ಮಾರೀನಿ. ಆ ಹೆಸರಿನ ದೇಶಾನೂ ಅದ ಏನವ್ವಾ?" ಎಂದು ಕೇಳಿದೆ. ನಮ್ಮಲ್ಲಿ ಪೇರು ಎಂದರೆ ಸೀಬೆಹಣ್ಣು.

"ಆಯಿ, ಅವರ ಮುಂದ ಹೀಂಗೆಲ್ಲಾ ಅನ್ನಬ್ಯಾಡ ಮತ್ತ," ಎಂದು ಗೌರಿ ನಕ್ಕಳು. ನಮ್ಮಲ್ಲಿ ಅಜ್ಜಿಗೆ ಆಯಿ ಎನ್ನುತ್ತಾರೆ.

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ, ಊರಿಗೆ ಊರೇ ಹೊಲದಲ್ಲಿರುತ್ತದೆ. ಜೋಳದ ದಂಟಿನ ಗುಡಿಸಲಲ್ಲಿ ಪೂಜೆ ಮಾಡಿ, ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ ಕುಡಿದು ಭಜ್ಜಿ ಉಣ್ಣುತ್ತೇವೆ. ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ತೊಗರಿ, ಹಸಿ ಕಡಲೆ, ಬಟಾಣಿ, ಅವರೆ, ಬದನೆ, ಗಜ್ಜರಿ, ಮೆಂತ್ಯ ಎಲ್ಲ ಕೂಡಿಸಿ ಹಿಟ್ಟು ಹಚ್ಚಿ ಕುದಿಸಿದ ಪಲ್ಯ. ಅದಕ್ಕೆ ಶೇಂಗಾ ಇರಲೇಬೇಕು. ನಮ್ಮಲ್ಲಿ ಶೇಂಗಾ ಬೀಳದ ಅಡುಗೆ ಇದೆಯೇ?

ಗೌರಿ ಹಬ್ಬದ ಊಟಕ್ಕೆ ನಮ್ಮ ಹೊಲಕ್ಕೆ ಕರೆತಂದ ಅತಿಥಿಗಳು ಕಂಬಳಿಯ ಮೇಲೆ ಕುಳಿತರು. ಗೌರಿ ಭಜ್ಜಿಯಲ್ಲಿ ಏನೇನಿದೆ ಎಂದು ಸ್ಪ್ಯಾನಿಷ್‌ನಲ್ಲಿ ಪಟಪಟ ಹೇಳಿದಳು. ಇಬ್ಬರೂ ತಲೆಯಾಡಿಸಿದರು. ಸೊಸೆ ಮಹಾದೇವಿ ತಟ್ಟೆಗೆ ಸೌಟು ಎತ್ತಿದಳು. ನಾನು ಮಾತ್ರ ಉಳಿದಿದ್ದ ಹಸಿ ಕಾಯಿಪಲ್ಯವನ್ನು ಮೊರದಲ್ಲಿ ಹಾಕಿ ಅವರ ಮುಂದೆ ಇಟ್ಟೆ.

"ಆಯಿ, ನಾ ಎಲ್ಲಾ ಹೇಳೀನಿ. ಮತ್ತ್ಯಾಕ?"

"ನೀ ಕಿವಿಗಿ ಹೇಳೀದಿ. ಕಣ್ಣಿಗಿ ಯಾರು ಹೇಳಬೇಕು? ತಡಿ ಮಹಾದೇವಿ."

ಅವರಿಗೆ ಅದು ಆಟದಂತಾಯಿತು. ನಾನು ಬಟಾಣಿ ಎತ್ತಿ ಹಿಡಿದೆ. ಲೂಪೆ "ಚೀಚಾರೊ" ಎಂದಳು, ರೋಸಾ "ಆರ್ವೇಹಾ" ಎಂದಳು. ಗೌರಿಯ ನಗು ಅಲ್ಲೇ ನಿಂತಿತು.

"ನಾ ಗಿಸಾಂತೆ ಅಂದಿದ್ದೆ, ಆಯಿ. ಅದು ಸ್ಪೇನ್ ದೇಶದ ಹೆಸರು. ಇವರಿಬ್ಬರದೂ ಬ್ಯಾರೆ ಬ್ಯಾರೆ ಅದಾವ."

"ಆಗಲಿ ಬಿಡು, ನಮ್ಮ ಸಂತಿಯಂಗೇ ಆತು," ಎಂದು ಒಂದು ಹಿಡಿ ಶೇಂಗಾಕಾಯಿ ಎತ್ತಿದೆ.

ಲೂಪೆ "ಕಕವಾತೆ" ಎಂದು ನಕ್ಕಳು. ರೋಸಾ ನಗಲಿಲ್ಲ. "ಮಾನೀ" ಎಂದು ಹಿಂದೆ ಸರಿದು ಒಂದು ಕೈಯಿಂದ ಗಂಟಲು ಹಿಡಿದುಕೊಂಡು, ಇನ್ನೊಂದು ಕೈಯಿಂದ ಭಜ್ಜಿಯ ಪಾತ್ರೆ ತೋರಿಸಿದಳು. ಗೌರಿ ಏನೋ ಕೇಳಿದಳು. ಆಕೆ ಹೇಳುತ್ತಾ ಹೋದಂತೆ ಹುಡುಗಿಯ ಮುಖ ಬಿಳುಚಿತು.

"ಆಯಿ, ಈಕಿಗಿ ಶೇಂಗಾ ನಡ್ಯಾಂಗಿಲ್ಲ. ಒಂದ್ ಚೂರು ಹೋದ್ರೂ ಗಂಟಲ ಬಾತು ಉಸರ ನಿಂದರ್ತದಂತ. ನಾ ಸ್ಪೇನಿನವರಂಗ ಕಕವೇತೆ ಅಂದೆ, ಆಕಿಗಿ ತಿಳದಿಲ್ಲ. ಸುಮ್ನ ಮರ್ಯಾದಿಗಿ ತಲಿ ಆಡಿಸ್ಯಾಳ."

ಶೇಂಗಾ ತಿಂದು ಉಸಿರು ನಿಲ್ಲುತ್ತದೆಂದು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಗೌರಿ ಇರದಿದ್ದರೆ ಆಕೆ ಯಾಕೆ ಹಿಂದೆ ಸರಿದಳೆಂದೂ ನನಗೆ ತಿಳಿಯುತ್ತಿರಲಿಲ್ಲ.

ಮಹಾದೇವಿ, "ಪಾಪ, ಬರೇ ಅಂಬಲಿ ಕುಡಿಸಿ ಕಳಸೂದೇನ್ರಿ ಅತ್ತಿ?" ಎಂದಳು.

"ಹಬ್ಬದ ದಿನಾ ನಮ್ಮ ಹೊಲದಾಗಿಂದ ಹಸದು ಹೋಗೋದಾ? ಶೇಂಗಾ ಮುಟ್ಟಲಾರದ ಗಡಿಗಿ ತಾ, ಕೈ ತೊಳಕೊ. ಗೌರಿ, ಅಳೂದು ಆಮ್ಯಾಲ, ಮೊದಲ ಬಾಜೂ ಹೊಲದಿಂದ ಹಸಿ ಕಾಯಿಪಲ್ಯ ತಾ. ಮೊರದಾಗಿಂದು ಬ್ಯಾಡ."

ಪಕ್ಕದ ಹೊಲದವರು ಉಡಿ ತುಂಬಾ ಕೊಟ್ಟರು. ಅವರಿಗೂ ಕೊಟ್ಟದ್ದೇ ಸಂತೋಷ. ಎಣ್ಣೆ ಕುಸುಬೆಯದು, ಹೊಸ ಡಬ್ಬಿ ಒಡೆದೆವು. ಗೌರಿ ಒಂದೊಂದನ್ನೂ ರೋಸಾಳ ಕಣ್ಣಮುಂದೆ ಹಿಡಿದು, ಆಕೆಯ ಊರಿನ ಹೆಸರು ಕೇಳಿ, ತಾನೂ ಅದನ್ನೇ ಹೇಳಿ, ಆಕೆ "ಸೀ", ಅಂದರೆ ಹೌದು, ಎಂದ ಮೇಲಷ್ಟೇ ಗಡಿಗೆಗೆ ಹಾಕಿದಳು. ಅಳುತ್ತಿದ್ದ ಹುಡುಗಿ ಗಡಿಗೆ ಕುದಿಯುವಷ್ಟರಲ್ಲಿ ನಗುತ್ತಿದ್ದಳು. ನಾನು ಒಲೆಯ ಹೊಗೆಯ ನೆಪ ಮಾಡಿ ಕಣ್ಣೊರೆಸಿಕೊಂಡೆ.

ರೋಸಾ ಮೊದಲ ತುತ್ತು ತಿಂದಳು. ನಾವೆಲ್ಲ ಆಕೆಯ ಗಂಟಲನ್ನೇ ನೋಡುತ್ತಿದ್ದೆವು. ಸ್ವಲ್ಪ ಹೊತ್ತು ಬಿಟ್ಟು ಎರಡನೆಯದು ತಿಂದಳು. ತಟ್ಟೆ ಖಾಲಿಯಾದ ಮೇಲೆ ನನ್ನತ್ತ ಚಾಚಿದಳು.

"ಆಯಿ, ಇನ್ನಷ್ಟು ಅಂತಾಳ."

"ಅದಕ್ಕ ದುಭಾಷಿ ಬೇಕೇನ ಖೋಡಿ?" ಎಂದು ಸೌಟು ತುಂಬಿ ಹಾಕಿದೆ.

ಬುಟ್ಟಿ ಹೊತ್ತ ಅಷ್ಟು ವರ್ಷ ನನಗೆ ಹೊಟ್ಟೆಗೆ ಸಿಕ್ಕಿತು, ಮಕ್ಕಳು ಬೆಳೆದರು, ಅಷ್ಟೇ ಎಂದುಕೊಂಡಿದ್ದೆ. ನಾವು ಹೇಳಿ ಮುಗಿಸಿದರೆ ಕೆಲಸ ಮುಗಿಯುವುದಿಲ್ಲ, ಎದುರಿನವರಿಗೆ ತಲುಪಿತೋ ಇಲ್ಲವೋ ನೋಡಬೇಕು. ಇದನ್ನು ನನಗೆ ಸಂತೆ ಕಲಿಸಿತು. ಅದರ ಋಣ ದೊಡ್ಡದು. ನನ್ನ ಮೊಮ್ಮಗಳ ಮೊದಲ ಕೆಲಸದ ದಿನ, ಆಕೆಯ ಮಾತು ನಂಬಿ ಉಂಡವರು ಎದ್ದು, ಕೈ ತೊಳೆದು, ನಗುತ್ತಾ ಬದುವಿನ ಮೇಲೆ ನಡೆದು ಹೋದರು. ದೇವರಲ್ಲಿ ಇನ್ನೇನು ಬೇಡಲಿ?