ತಂತಿ ತೋಟದ ಪಕ್ಕದ ಗಿರಣಿ

ಕಡೂರಿನಲ್ಲಿ ನಮ್ಮ ಬೀದಿಯ ಕೊನೆಗೆ ಇನ್ನೂ ಒಂದು ಹಿಟ್ಟಿನ ಗಿರಣಿ ಉಳಿದಿದೆ. ಅಂಗಡಿಯಲ್ಲಿ ಪ್ಯಾಕೆಟ್ ಹಿಟ್ಟು ಸಿಗುವಾಗ ಡಬ್ಬ ಹೊತ್ತುಕೊಂಡು ಅಲ್ಲಿಗೆ ಯಾಕೆ ಹೋಗುತ್ತೀಯ ಎಂದು ನಮ್ಮ ಮನೆಯವರು ನಗುತ್ತಾರೆ. ನನಗೆ ಹಿಟ್ಟು ಒಂದು ನೆಪ. ಆಗತಾನೇ ಬೀಸಿದ ರಾಗಿಹಿಟ್ಟಿನೊಳಗೆ ಮಣಿಕಟ್ಟಿನವರೆಗೆ ಕೈ ಇಳಿಸಿದರೆ ಮಲಗಿದ್ದ ಮಗುವಿನ ಕತ್ತಿನ ಹಾಗೆ ಬೆಚ್ಚಗಿರುತ್ತದೆ. ಆ ಬಿಸಿಯ ಜೊತೆಗೆ ಒಂದು ವಾಸನೆ ಏಳುತ್ತದೆ: ಕಾದ ಕಲ್ಲು, ರಬ್ಬರ್ ಬೆಲ್ಟು, ಸ್ವಲ್ಪ ಮಣ್ಣು. ಅಷ್ಟು ಸಾಕು, ಸಿಂಗಟಗೆರೆಯ ಆಚೆಗಿದ್ದ ನನ್ನ ತಾತನ ಮನೆಯ ಬಾಗಿಲು ತೆರೆದುಕೊಳ್ಳುತ್ತದೆ.

ತಾತನ ಮನೆಗೂ ಅವರು ನಡೆಸುತ್ತಿದ್ದ ಗಿರಣಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಕಲ್ಲು ತಿರುಗತೊಡಗಿದರೆ ಅಡುಗೆಮನೆಯ ತಟ್ಟೆಗಳು ತಮ್ಮಷ್ಟಕ್ಕೆ ತಾವೇ ಸಣ್ಣಗೆ ಮಾತಾಡುತ್ತಿದ್ದವು. ಅಜ್ಜಿ ಒಲೆಯ ಮುಂದೆ ಕೂತೇ, ಈಗ ಬೀಳುತ್ತಿರುವುದು ರಾಗಿಯೋ ಅಕ್ಕಿಯೋ ಎಂದು ಸದ್ದಿನಲ್ಲೇ ಹೇಳುತ್ತಿದ್ದಳು. ತಾತನ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ಹಿಟ್ಟು ಕೂತು ಬೆಳ್ಳಗೆ. ಸಂಜೆ ಸ್ನಾನ ಮಾಡಿ ಬಂದಾಗ ಹತ್ತು ವರ್ಷ ಚಿಕ್ಕವರಾದಂತೆ ಕಾಣುತ್ತಿದ್ದರು. ಅಮಾವಾಸ್ಯೆ ಒಂದು ದಿನ ಮಾತ್ರ ಗಿರಣಿಗೆ ರಜೆ. ಅವತ್ತು ತಾತ ಮೇಲಿನ ಕಲ್ಲನ್ನು ಇಳಿಸಿ, ಅಂಗಳಕ್ಕೆ ಉರುಳಿಸಿ ತಂದು, ಬೀಸುವ ಮುಖ ಮೇಲಾಗುವಂತೆ ಮಲಗಿಸಿ, ಸವೆದ ಗೆರೆಗಳನ್ನು ಉಳಿಯಿಂದ ಮತ್ತೆ ಕಟೆಯುತ್ತಿದ್ದರು. ಆಮೇಲೆ ಅಜ್ಜಿ ಅದಕ್ಕೆ ನೀರು ಹಾಕಿ, ವಿಭೂತಿ ಹಚ್ಚಿ, ಒಂದು ನಿಂಬೆಹಣ್ಣು ಇಡುತ್ತಿದ್ದಳು. ಮಾರನೆಯ ಬೆಳಿಗ್ಗೆಯವರೆಗೆ ಕಲ್ಲು ಅಂಗಳದಲ್ಲೇ ಮಲಗಿರಬೇಕು. ಅವತ್ತು ತಟ್ಟೆಗಳೂ ಮಾತಾಡುತ್ತಿರಲಿಲ್ಲ. ಆ ಮೌನಕ್ಕೆ ನನಗೆ ಯಾಕೋ ಅಳು ಬರುತ್ತಿತ್ತು.

ತಾತನ ಊರ ಪಕ್ಕದ ಹುಲ್ಲುಗಾವಲಿನಲ್ಲಿ, ನಾನು ಕಾನ್ವೆಂಟಿಗೆ ಸೇರಿದ ಹೊತ್ತಿಗೆ, ಒಂದು ವೀಕ್ಷಣಾಲಯ ಬಂತು. ಗುಮ್ಮಟವಿಲ್ಲ, ದುರ್ಬೀನಿಲ್ಲ, ಸಾಲು ಸಾಲು ಕಂಬ, ಕಂಬದಿಂದ ಕಂಬಕ್ಕೆ ತಂತಿ. ಸೂರ್ಯನಿಂದ ಬರುವ ರೇಡಿಯೋ ಅಲೆಗಳನ್ನು ಹಗಲೆಲ್ಲ ಅದು ಕೇಳಿಸಿಕೊಳ್ಳುತ್ತದಂತೆ. ಊರಿನವರು ಅದಕ್ಕೆ ತಂತಿ ತೋಟ ಎಂದು ಹೆಸರಿಟ್ಟರು. ದನ ಹೊಡೆದುಕೊಂಡು ಹೋಗುವ ದಾರಿಗೆ ಬೇಲಿ ಬಿದ್ದಾಗಲೇ ಜನಕ್ಕೆ ಸಿಟ್ಟು ಬಂದಿತ್ತು. ಆದರೂ ನುಂಗಿಕೊಂಡು, ಸುತ್ತಿ ಬಳಸಿ ಹೋಗುವುದನ್ನು ಕಲಿತಿದ್ದರು.

ವಾರವಿಡೀ ನಾನು ಕಡೂರಿನ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದೆ. ಆ ವರ್ಷ ದಸರಾ ರಜೆಗೆ ಬಂದ ಮೊದಲ ದಿನವೇ ತಂತಿ ತೋಟದಿಂದ ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಕಾಗದ ಬಂತು. ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದದ್ದು ಐದನೇ ಕ್ಲಾಸಿನ ನನಗೊಬ್ಬಳಿಗೇ. ತಾತ ಕೈ ಒರೆಸಿಕೊಂಡು ಜಗುಲಿಯ ಮೇಲೆ ಕೂತರು. ನಾನು ನಿಂತು ಓದಿ ಕನ್ನಡದಲ್ಲಿ ಹೇಳಿದೆ. ಗಿರಣಿಯ ಮೋಟಾರಿನ ಕಿಡಿಯಿಂದ ಏಳುವ ರೇಡಿಯೋ ಗದ್ದಲಕ್ಕೆ ನಮ್ಮ ಕೆಲಸ ಕೆಡುತ್ತಿದೆ, ಗಿರಣಿಯನ್ನು ಬೇರೆಡೆಗೆ ಸಾಗಿಸತಕ್ಕದ್ದು, ಇಲ್ಲವೇ ನಿಲ್ಲಿಸತಕ್ಕದ್ದು ಎಂದಿತ್ತು. ಆ ಕೊನೆಯ ಮಾತಿಗೆ ಬಂದಾಗ ತಲೆ ಎತ್ತಿದೆ. ತಾತನ ರೆಪ್ಪೆಯ ಮೇಲೆ ಹಿಟ್ಟು ಕೂತಿತ್ತು, ಅವರು ಕಣ್ಣು ಮಿಟುಕಿಸದೆ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಏನನ್ನು ಕೇಳುವಾಗಲೂ ಮೊದಲು ಬರಬೇಕು ಎಂದು ಸಿಸ್ಟರುಗಳು ನಮಗೆ ಕಲಿಸಿದ್ದ ಒಂದು ಮಾತಿತ್ತು. ಕಾಗದದಲ್ಲಿ ಎಲ್ಲೂ ಇಲ್ಲದ ಆ ಮಾತನ್ನು ನಾನೇ ಸೇರಿಸಿದೆ. "ದಯವಿಟ್ಟು ನಿಲ್ಲಿಸಿ ಅಂತ ಬರ್ದಿದಾರೆ, ತಾತ."

ಸಂಜೆಗೆ ಊರು ನಮ್ಮ ಅಂಗಳದಲ್ಲಿತ್ತು. ಆ ಗಿರಣಿ ನಿಂತರೆ ಹೆಂಗಸರು ರಾಗಿಮೂಟೆಯನ್ನು ತಲೆಯ ಮೇಲೆ ಹೊತ್ತು ಸಿಂಗಟಗೆರೆಗೆ ನಡೆಯಬೇಕು. ನಮ್ಮ ಮನೆಗಂತೂ ಬೇರೆ ಅನ್ನವೇ ಇರಲಿಲ್ಲ. ಬೇಲಿಯ ಸಿಟ್ಟೂ ಸೇರಿ ನಾಲ್ಕಾರು ಜನ ಗಂಡಸರು ಹೋಗಿ ತಂತಿಗಳನ್ನೇ ಕತ್ತರಿಸಿ ಬರೋಣ ಎಂದು ಎದ್ದರು. ಎದುರು ಮನೆಯ ಪುಟ್ಟಮ್ಮ, ಸೂರ್ಯನ ಮಾತು ಕೇಳಿಸಿಕೊಳ್ಳುವವರಿಗೆ ನಮ್ಮ ಮಾತು ಕೇಳಿಸುವುದಿಲ್ಲವೇ ಎಂದು ಚುಚ್ಚಿದಳು. ತಾತ ಮಾತ್ರ ಎದ್ದವರನ್ನು ಕೈ ಹಿಡಿದು ಕೂರಿಸಿದರು.

"ದಯವಿಟ್ಟು ಅಂತ ಬರ್ದವ್ರೆ ಕಣ್ರೋ. ಹಂಗ್ ಕೇಳ್ದೋರ ತಂತಿ ಕುಯ್ಯಾಕಾಯ್ತದಾ? ಕರ್ಸಿ ಮಾತಾಡಣ."

ನಾನು ಬಾಗಿಲ ಹಿಂದೆ ನಿಂತು ಲಂಗದ ಅಂಚನ್ನು ಹಿಂಡುತ್ತಿದ್ದೆ. ಊರಿಗೆ ಊರೇ ಒಂದು ಸುಳ್ಳನ್ನು ನಂಬಿ ಕೂತುಬಿಟ್ಟಿತ್ತು.

ಮೂರನೆಯ ದಿನ ತಂತಿ ತೋಟದ ಎಂಜಿನಿಯರು ಸೈಕಲ್ಲಿನಲ್ಲಿ ಬಂದರು. ಎಳೆಯ ವಯಸ್ಸು, ದಪ್ಪ ಕನ್ನಡಕ, ಷರ್ಟಿನ ಒಂದು ಗುಂಡಿಗೆ ಬೇರೆ ಬಣ್ಣದ ದಾರ. ಅಜ್ಜಿ ಕೊಟ್ಟ ಕಾಫಿ ಕುಡಿದು, ಉದ್ದನೆಯ ಕಾಗದದ ಸುರುಳಿಯನ್ನು ಜಗುಲಿಯ ಮೇಲೆ ಬಿಚ್ಚಿದರು. ಇರುವೆ ನಡೆದಂತೆ ಹೋಗುತ್ತಿದ್ದ ಶಾಯಿಯ ಗೆರೆ, ದಿನವೂ ಬೆಳಿಗ್ಗೆ ಹತ್ತಕ್ಕೆ ಮುಳ್ಳಿನ ಪೊದೆಯಂತೆ ಎದ್ದು ನಿಲ್ಲುತ್ತಿತ್ತು. ಆ ಮುಳ್ಳೆಲ್ಲ ನಿಮ್ಮ ಗಿರಣಿ ಎಂದು ಅವರು ಬೇಸರದಿಂದಲೇ ಹೇಳಿದರು. ಹತ್ತಿರದಲ್ಲಿರುವ ದೊಡ್ಡ ಮೋಟಾರು ಇದೊಂದೇ ಎಂಬುದು ಅವರ ಲೆಕ್ಕಾಚಾರ. ಹೊಸ್ತಿಲ ಮೇಲೆ ಮೊರದಲ್ಲಿ ರಾಗಿ ಕೇರುತ್ತಿದ್ದ ಅಜ್ಜಿಗಾಗಿ ನಾನು ಕೆಳಗಿದ್ದ ತಾರೀಖುಗಳನ್ನು ಒಂದೊಂದಾಗಿ ಓದುತ್ತಾ ಹೋದೆ. ಒಂದು ತಾರೀಖಿಗೆ ಮೊರ ನಿಂತಿತು.

"ಅವತ್ತು ಮಾಲಯ ಅಮಾಸೆ ಅಲ್ವೇನೇ?"

ಹೌದು ಎಂದು ಗೋಡೆಯ ಕ್ಯಾಲೆಂಡರಿನ ಕಪ್ಪು ಚುಕ್ಕೆಯೂ ಹೇಳಿತು. ಸುರುಳಿಯಲ್ಲಿ ಮಾತ್ರ ಅವತ್ತೂ ಹತ್ತು ಗಂಟೆಗೆ ಮುಳ್ಳು ಎದ್ದಿತ್ತು. ಅಜ್ಜಿ ಮೊರವನ್ನು ಪಕ್ಕಕ್ಕಿಟ್ಟು ಎಂಜಿನಿಯರ ಕಡೆ ತಿರುಗಿದಳು. "ಹಂಗಾರೆ ಅದು ನಮ್ ಮಿಷನ್ ಅಲ್ಲ ಕಣಪ್ಪ. ಅವತ್ತು ಕಲ್ಲು ಇಲ್ಲೇ ಅಂಗ್ಳದಾಗೆ ಮಲ್ಗಿತ್ತು."

ಎಂಜಿನಿಯರು ಆ ತಾರೀಖಿನ ಮೇಲೆ ಬೆರಳಿಟ್ಟು ಸುರುಳಿಯನ್ನು ಮತ್ತೆ ನೋಡಿದರು. ಆಮೇಲೆ, ಮೂರು ದಿನ ಗಿರಣಿ ನಿಲ್ಲಿಸುತ್ತೀರಾ ಎಂದು ತಾತನನ್ನು ಕೇಳಿಕೊಂಡರು. ಆ ಮೂರು ದಿನ ಹೆಂಗಸರ ಡಬ್ಬಗಳು ಅಂಗಳದಲ್ಲಿ ಸಾಲಾಗಿ ಕಾದವು, ನಾನೂ ಕಾದೆ. ಮೂರನೆಯ ಮಧ್ಯಾಹ್ನ ಸೈಕಲ್ಲು ಬಂತು. ಅಷ್ಟೂ ಹೆಂಗಸರ ಮುಂದೆ ಅವರು ಚಪ್ಪಲಿ ಬಿಟ್ಟು ನಿಂತು ಹೇಳಿದರು. ಕಿಡಿ ಬರುತ್ತಿದ್ದದ್ದು ತಮ್ಮದೇ ಕ್ವಾರ್ಟರ್ಸಿನ ಪಂಪಿನಿಂದ. ಟ್ಯಾಂಕಿಗೆ ನೀರು ತುಂಬಲು ಬೆಳಿಗ್ಗೆ ಹತ್ತಕ್ಕೆ ಹಾಕುತ್ತಿದ್ದರು, ಸ್ಟಾರ್ಟರು ಹಾಳಾಗಿತ್ತು. "ನಾವೇ ನಮ್ ಮನೆ ನೋಡ್ಕೋಬೇಕಿತ್ತು, ಯಜಮಾನ್ರೇ." ತಾತ ಒಳಗೆ ಹೋಗಿ ಸ್ವಿಚ್ಚು ಹಾಕಿದರು. ಅಡುಗೆಮನೆಯ ತಟ್ಟೆಗಳು ಮತ್ತೆ ಮಾತಾಡತೊಡಗಿದಾಗ ನಾನು ಹಿತ್ತಲಿಗೆ ಓಡಿ ಮನಸಾರೆ ಅತ್ತುಬಿಟ್ಟೆ.

ಆಮೇಲೆ ಬೇಲಿಗೆ ಒಂದು ಗೇಟು ಬಂತು, ದನಗಳಿಗೆ ಹಳೆಯ ದಾರಿ ಸಿಕ್ಕಿತು. ಸೂರ್ಯಗ್ರಹಣದ ಹಿಂದಿನ ದಿನ ಎಂಜಿನಿಯರು ಸಂಕೋಚದಿಂದ ಬಂದು, ನಾಳೆ ಒಂದು ದಿನ ಗಿರಣಿ ನಿಲ್ಲಿಸಲಾದೀತೇ ಎಂದಾಗ ಅಜ್ಜಿಗೆ ನಗು ತಡೆಯಲಾಗಲಿಲ್ಲ. ಸೂರ್ಯಗ್ರಹಣ ಬರುವುದೇ ಅಮಾವಾಸ್ಯೆಗೆ. ಅವರು ಕೇಳದಿದ್ದರೂ ಕಲ್ಲು ಅಂಗಳದಲ್ಲಿರುತ್ತಿತ್ತು.

ಈಗ ಅದ್ಯಾವುದೂ ಇಲ್ಲ. ಕಂಬಗಳನ್ನು ಕಿತ್ತು ಯಾವುದೋ ದೂರದ ಊರಿಗೆ ಒಯ್ದರು, ಆ ಬಯಲಿನಲ್ಲಿ ಮತ್ತೆ ಹುಲ್ಲು ಎದ್ದಿದೆ. ಕಲ್ಲೆತ್ತಲು ಭುಜ ಬಗ್ಗದಾದಾಗ ಒಂದು ಅಮಾವಾಸ್ಯೆ ತಾತ ಅದನ್ನು ಇಳಿಸಿ, ಎಂದಿನಂತೆ ಕಟೆದು, ಮಾರನೆಯ ದಿನ ಏರಿಸಲಿಲ್ಲ. ಮನೆಯ ಜಾಗದಲ್ಲಿ ಅಗಲವಾದ ರಸ್ತೆ ಹೋಗಿದೆ. ಅಜ್ಜಿ ಮೊದಲು ಹೋದಳು, ತಾತ ಆಮೇಲೆ.

ತಾತ ಕೊನೆಯ ಬಾರಿ ಕಡೂರಿನ ನಮ್ಮ ಮನೆಗೆ ಬಂದಿದ್ದಾಗ, ಊಟಕ್ಕೆ ಬಡಿಸುತ್ತಾ, ಎಷ್ಟೋ ವರ್ಷ ಒಳಗಿಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ. ಆ ಕಾಗದದಲ್ಲಿ ದಯವಿಟ್ಟು ಅನ್ನುವ ಮಾತು ಇರಲಿಲ್ಲ, ನಾನೇ ಸೇರಿಸಿದ್ದು. ತಾತ ಮುದ್ದೆ ಮುರಿಯುತ್ತಾ ನಕ್ಕರು.

"ಅಂಥಾ ಕಾಗ್ದದಾಗೆ ಎಲ್ಲಾರ ದಯವಿಟ್ಟು ಇರ್ತದೇನವ್ವ? ಅವತ್ತೇ ಗೊತ್ತಾಯ್ತು. ನೀ ಹೇಳಿದ್ದು ಚೆನ್ನಾಗಿತ್ತು, ಅದ್ಕೇ ಎಲ್ರಿಗೂ ಅದ್ನೇ ಹೇಳ್ದೆ."

ಗಿರಣಿಯಿಂದ ತಂದ ಡಬ್ಬವನ್ನು ನಾನು ಕೂಡಲೇ ಮುಚ್ಚುವುದಿಲ್ಲ. ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಹಿಟ್ಟು ಆರುವವರೆಗೆ ಅದರ ಪಕ್ಕದಲ್ಲೇ ಸುಮ್ಮನೆ ನಿಂತಿರುತ್ತೇನೆ.